ಕಾಕನಕೋಟೆಯ ಸೀಮೆಯಲ್ಲಿ ಸೌರದೀಪ: ಗೃಹಸ್ಥರ ಪ್ರೇರಣೆಗಳ ಚಾರಿತ್ರಿಕ ಪರಿಶೀಲನೆ

೧

ಮೈಸೂರು ಸಂಸ್ಥಾನದ ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆಯಹೊರಟವರು ಶಿವನಸಮುದ್ರದಿಂದ ಆರಂಭಿಸುವುದು ವಾಡಿಕೆಯಾಗಿದೆ. ೧೯೦೨ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಕಾವೇರಿಯ ಜಲಪಾತದಿಂದ ಉತ್ಪನ್ನವಾದ ವಿದ್ಯುತ್ತು ಸುಮಾರು ೯೨ ಮೈಲಿಗಳ ದೂರವನ್ನು ತಂತಿಯ ಮೂಲಕ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿಗೆ ೧೯೦೫ರಲ್ಲಿಯೂ ಮೈಸೂರು ನಗರಕ್ಕೆ ೧೯೦೮ರಲ್ಲಿಯೂ ವಿದ್ಯುದ್ದೀಪಗಳು ಬಂದುವು. ೧೯೧೧ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವನ್ನು ಕೈಗೊಂಡುದಕ್ಕೆ ವ್ಯವಸಾಯವೊಂದೇ ಕಾರಣವಲ್ಲ. ಬೇಸಗೆಯಲ್ಲಿಯೂ ಶಿವನಸಮುದ್ರದ ಯಂತ್ರಗಳಿಗೆ ನೀರು ತಪ್ಪದಂತೆ ಮಾಡುವುದೂ ಅದರ ಮುಖ್ಯೋದ್ದೇಶಗಳಲ್ಲಿ ಒಂದಾಗಿತ್ತು. ಈ ಕ್ರಮವನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೊದಲು ಗಣಿ, ಅನಂತರ ನಗರದ ಬೀದಿ ಮತ್ತು ಅರಮನೆ, ಆಮೇಲೆ ಗಿರಣಿ, ಅದರ ಬಳಿಕ ನೀರೆತ್ತುವ ಪಂಪು. ಇವೆಲ್ಲವೂ ಆದ ಮೇಲೆ ಹಳ್ಳಿಯ ಒಕ್ಕಲಿನ ಮನೆ. ವಿದ್ಯುಚ್ಛಕ್ತಿಯ ಚರಿತ್ರೆಯಲ್ಲಿ ಸಾಮಾನ್ಯ ಗೃಹಸ್ಥನು ಕಾಣಿಸಿಕೊಳ್ಳುವುದು ಸಾಲಿನ ಕೊನೆಯಲ್ಲಿ ಕಾದು ನಿಂತವನಾಗಿ.

ಸೌರಫಲಕವು ಬಳಕೆಗೆ ಬಂದ ಮೇಲೆ ಈ ಕ್ರಮಕ್ಕೆ ಒಂದು ಅಪವಾದವು ಒದಗಿತು. ತನ್ನ ಮನೆಗೆ ಬೇಕಾದ ಬೆಳಕನ್ನು ತನ್ನ ಸೂರಿನ ಮೇಲೆಯೇ ಪಡೆಯಬಹುದೆಂಬ ಅವಕಾಶವು ಗೃಹಸ್ಥನಿಗೆ ಮೊದಲ ಬಾರಿಗೆ ದೊರೆಯಿತು. ಅವಕಾಶವಿದ್ದಲ್ಲಿ ಆಯ್ಕೆಯುಂಟು, ಆಯ್ಕೆಯಿದ್ದಲ್ಲಿ ಪ್ರೇರಣೆಯುಂಟು. ಯಾವ ಪ್ರೇರಣೆಯಿಂದ ಸಂಸಾರಗಳು ಸೌರಶಕ್ತಿಯನ್ನು ಸ್ವೀಕರಿಸಿದುವು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ವಿದ್ಯುತ್ತಿನ ಬಿಲ್ಲಿನಲ್ಲಿ ಆಗುವ ಉಳಿತಾಯವೆಂಬುದು ಒಂದು. ಪರಿಸರದ ಹಿತಚಿಂತನೆಯೆಂಬುದು ಮತ್ತೊಂದು. ಈ ಎರಡು ಉತ್ತರಗಳೂ ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಸಂಗತಿಗಳಿಗೆ ಹೊಂದುವುದಿಲ್ಲವೆಂಬುದನ್ನೂ, ಇಲ್ಲಿ ಬೇರೊಂದು ಪ್ರೇರಣೆಯೇ ಪ್ರಧಾನವಾಗಿದೆಯೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ. ಪ್ರೇರಣೆಯೆಂಬ ಮಾತನ್ನೇ ಬಳಸಲಾಗದಂತಹ ಕೆಲವು ಮನೆಗಳೂ ಇಲ್ಲಿವೆ. ಅವುಗಳ ವಿಚಾರವನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಪರಿಶೀಲಿಸುವೆವು.

೨

ಕಾಕನಕೋಟೆಯ ಸೀಮೆಯೆಂದು ನಾವಿಲ್ಲಿ ಕರೆಯುವುದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ಪ್ರದೇಶವನ್ನು. ಈಚಿನ ವರ್ಷಗಳಲ್ಲಿ ಇವುಗಳಿಂದ ಸರಗೂರು, ಸಾಲಿಗ್ರಾಮ ಎಂಬ ತಾಲ್ಲೂಕುಗಳು ಬೇರ್ಪಟ್ಟಿವೆ. ಆದರೂ ನಮ್ಮ ಉದ್ದೇಶಕ್ಕೆ ಹಳೆಯ ಎಲ್ಲೆಗಳೇ ಸಾಕು. ಪೂರ್ವದಲ್ಲಿ ಕಾವೇರಿಯ ನಾಲೆಗಳಿಂದ ನೀರುಂಡು ಬತ್ತ ಬೆಳೆಯುವ ಕೃಷ್ಣರಾಜನಗರದ ಬಯಲು. ನಡುವೆ ರಾಗಿ ಮತ್ತು ಹೊಗೆಸೊಪ್ಪಿನ ಕೆಂಪು ನೆಲ. ಪಶ್ಚಿಮಕ್ಕೂ ದಕ್ಷಿಣಕ್ಕೂ ನಾಗರಹೊಳೆ ಮತ್ತು ಕಬಿನಿಯ ಕಾಡು. ಒಂದು ದಿನದ ಪ್ರಯಾಣದಲ್ಲಿ ನೋಡಿ ಮುಗಿಸಬಹುದಾದ ಈ ಪ್ರದೇಶದಲ್ಲಿ ಬಗೆಬಗೆಯ ಆರ್ಥಿಕ ಸ್ಥಿತಿಯ ಮನೆಗಳು ಒಟ್ಟಿಗೆ ದೊರೆಯುವುದರಿಂದ, ನಮ್ಮ ಪ್ರಶ್ನೆಗೆ ಇದು ತಕ್ಕ ಕ್ಷೇತ್ರವಾಗಿದೆ.

ಕಾಕನಕೋಟೆಯ ಹೆಸರನ್ನು ಕನ್ನಡ ಓದುಗರು ಮಾಸ್ತಿಯವರ ನಾಟಕದಿಂದ ಬಲ್ಲರು. ಹೊರಗಿನವರು ಖೆಡ್ಡಾದಿಂದ ಬಲ್ಲರು. ಸ್ಯಾಂಡರ್ಸನ್ ೧೮೭೩-೭೪ರಲ್ಲಿ ಸಂಸ್ಥಾನದಲ್ಲಿ ಆರಂಭಿಸಿದ ಆನೆ ಹಿಡಿಯುವ ಈ ಪದ್ಧತಿಯು ಕಾಕನಕೋಟೆಯಲ್ಲಿ ೧೯೭೧ರಲ್ಲಿ ಕೊನೆಗೊಂಡಿತು. ಇದಾದ ಮೂರು ವರ್ಷಗಳಲ್ಲಿ, ೧೯೭೪ರ ವೇಳೆಗೆ, ಬೀಚನಹಳ್ಳಿಯ ಬಳಿ ಕಬಿನಿಯ ಅಣೆಕಟ್ಟು ಸಿದ್ಧವಾಯಿತು. ಸುಮಾರು ೧೯.೫ ಸಾವಿರ ದಶಲಕ್ಷ ಘನ ಅಡಿ ನೀರನ್ನು ಹಿಡಿಯಬಲ್ಲ ಆ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಕಾಡಿನ ಒಂದು ಭಾಗವೂ ಅನೇಕ ಊರುಗಳೂ ಮುಳುಗಿದುವು. ಇತ್ತ ೧೯೫೫ರಲ್ಲಿ ವನ್ಯಮೃಗಧಾಮವಾಗಿದ್ದ ನಾಗರಹೊಳೆಯು ಮುಂದೆ ರಾಷ್ಟ್ರೀಯ ಉದ್ಯಾನವಾಗಿ, ೧೯೯೯ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಜೇನುಕುರುಬ, ಬೆಟ್ಟಕುರುಬ, ಯರವ ಜನರ ಹಾಡಿಗಳಲ್ಲಿ ಕೆಲವು ಕಾಡಿನೊಳಗೆ ಉಳಿದುವು. ಕೆಲವು ಕಾಡಿನ ಅಂಚಿಗೆ ಬಂದುವು. ಹುಣಸೂರು ತಾಲ್ಲೂಕಿನ ನಾಗಾಪುರದಂತಹ ಪುನರ್ವಸತಿ ಕೇಂದ್ರಗಳಿಗೆ ಮತ್ತೆ ಕೆಲವು ಸಂಸಾರಗಳು ಸ್ಥಳಾಂತರ ಹೊಂದಿದುವು.

ಕಬಿನಿಯ ಕಟ್ಟೆಯ ಬಳಿ ೨೦ ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವೊಂದು ಇದೆ. ಇದನ್ನು ನಾವು ಹೇಳುವುದು ಒಂದು ಕಾರಣದಿಂದ. ನೀರಿಗೂ ವಿದ್ಯುತ್ತಿಗೂ ನೆಲವನ್ನು ಬಿಟ್ಟುಕೊಟ್ಟ ಸೀಮೆಯಲ್ಲಿಯೇ ಬೆಳಕು ತಡವಾಗಿ ಬಂದಿತೆಂಬುದು ಇಲ್ಲಿಯ ಜನರ ತಿಳಿವಳಿಕೆಯ ಭಾಗವಾಗಿದೆ. ಸರಕಾರದ ತಂತಿಯ ಬಗೆಗೆ ಅವರ ಮನೋಭಾವವನ್ನು ಅರಿಯಬೇಕಾದರೆ ಇದನ್ನು ಮರೆಯಲಾಗದು.

೩

ವಿದ್ಯುತ್ತು ಬಂದ ಊರು ಎಂದರೆ ಯಾವುದು? ಈ ಪ್ರಶ್ನೆಯು ಸರಳವಾಗಿ ಕಂಡರೂ ಇದರ ಉತ್ತರವು ಕಾಲಕಾಲಕ್ಕೆ ಬದಲಾಗಿದೆ. ೧೯೯೭ರವರೆಗೆ ಕಂದಾಯ ಗ್ರಾಮವೊಂದರ ಎಲ್ಲೆಯೊಳಗೆ ಯಾವುದೇ ಕೆಲಸಕ್ಕೆ ವಿದ್ಯುತ್ತನ್ನು ಬಳಸಿದ್ದರೂ ಅದನ್ನು ವಿದ್ಯುದೀಕರಣಗೊಂಡ ಗ್ರಾಮವೆಂದು ಭಾರತ ಸರಕಾರವು ಗಣಿಸುತ್ತಿತ್ತು. ಹೊಲದಲ್ಲಿ ಒಂದು ಪಂಪು ತಿರುಗಿದರೆ ಸಾಕಾಗಿತ್ತು. ಊರೊಳಗೆ ಒಂದು ಮನೆಯಲ್ಲಿಯೂ ದೀಪವಿರಬೇಕಾಗಿರಲಿಲ್ಲ. ೨೦೦೪ರಲ್ಲಿ ಬಂದ ಹೊಸ ವ್ಯಾಖ್ಯೆಯು ಶಾಲೆ, ಪಂಚಾಯಿತಿಯಂತಹ ಸಾರ್ವಜನಿಕ ಸ್ಥಳಗಳಲ್ಲದೆ ನೂರಕ್ಕೆ ಹತ್ತು ಮನೆಗಳಿಗಾದರೂ ಸಂಪರ್ಕವಿರಬೇಕೆಂದು ವಿಧಿಸಿತು. ಉಳಿದ ತೊಂಬತ್ತು ಮನೆಗಳು ಕತ್ತಲೆಯಲ್ಲಿದ್ದರೂ ಲೆಕ್ಕದ ಪುಸ್ತಕದಲ್ಲಿ ಆ ಊರು ಬೆಳಕಿನಲ್ಲಿಯೇ ಇರುತ್ತಿತ್ತು. ಈ ಎರಡು ವ್ಯಾಖ್ಯೆಗಳಿಗೂ ಕಂದಾಯ ಗ್ರಾಮವೇ ಆಧಾರವಾದುದರಿಂದ, ಕಂದಾಯ ದಾಖಲೆಯಲ್ಲಿ ಗ್ರಾಮವೆಂದು ನಮೂದಾಗದ ಕಾಡಿನ ಹಾಡಿಗಳು ಕತ್ತಲೆಯ ಲೆಕ್ಕಕ್ಕೂ ಸೇರಲಿಲ್ಲ.

ಸಂಪರ್ಕವಿದ್ದ ಮನೆಗಳ ಸ್ಥಿತಿಯೂ ವಿಚಾರಾರ್ಹವಾದುದು. ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳ ಮೂಲಕ ಬಡಸಂಸಾರಗಳಿಗೆ ಒಂದು ಬಲ್ಬಿನ ಸಂಪರ್ಕವು ದೊರೆಯಿತು. ಆದರೆ ಸಂಪರ್ಕ ಬೇರೆ, ಬೆಳಕು ಬೇರೆ. ಪಂಪಿಗೂ ಮನೆಗೂ ಒಂದೇ ತಂತಿಯ ಮಾರ್ಗವಿದ್ದ ಕಾಲದಲ್ಲಿ ಪಂಪಿಗೆ ವಿದ್ಯುತ್ತನ್ನು ನಿಲ್ಲಿಸಿದಾಗ ಮನೆಯ ದೀಪವೂ ನಿಲ್ಲುತ್ತಿತ್ತು. ‘ನಿರಂತರ ಜ್ಯೋತಿ’ ಯೋಜನೆಯಡಿಯಲ್ಲಿ ಈ ಎರಡು ಮಾರ್ಗಗಳನ್ನು ಬೇರ್ಪಡಿಸಿದ ಮೇಲೆ ಹಳ್ಳಿಯ ಮನೆಗಳ ಸ್ಥಿತಿಯು ಉತ್ತಮಗೊಂಡಿತು. ಆದರೂ ಊರಿನಿಂದ ದೂರವಿರುವ ತೋಟದ ಮನೆಗಳು ಪಂಪಿನ ಮಾರ್ಗದಲ್ಲಿಯೇ ಉಳಿದುದುಂಟು. ಮಳೆಗಾಲದಲ್ಲಿ ಕಾಡಿನ ಅಂಚಿನ ತಂತಿಯ ಮೇಲೆ ಒಂದು ಕೊಂಬೆ ಬಿದ್ದರೂ ಸಾಕು, ಹಲವಾರು ಊರುಗಳು ರಾತ್ರಿಯನ್ನು ಕತ್ತಲೆಯಲ್ಲಿ ಕಳೆಯಬೇಕಾಗುತ್ತದೆ.

ಇಂತಹ ರಾತ್ರಿಗಳಲ್ಲಿ ಮನೆಗಳು ಸೀಮೆಎಣ್ಣೆಯ ಬುಡ್ಡಿಯನ್ನೂ ಲಾಟೀನನ್ನೂ ಆಶ್ರಯಿಸಿದುವು. ಪಡಿತರದ ಸೀಮೆಎಣ್ಣೆಯು ಕ್ರಮೇಣ ಕಡಿಮೆಯಾದಂತೆ ಆ ಆಶ್ರಯವೂ ದುರ್ಬಲವಾಯಿತು. ಆದುದರಿಂದ ಸೌರದೀಪವು ಈ ಸೀಮೆಗೆ ಬಂದಾಗ ಅದಕ್ಕೆ ಎದುರಾಳಿಯಾಗಿದ್ದುದು ತಂತಿಯ ವಿದ್ಯುತ್ತಲ್ಲ, ಬುಡ್ಡಿಯ ದೀಪ. ಇದು ಮುಖ್ಯವಾದ ವಿಷಯ. ನಗರದ ಮನೆಯವನು ಫಲಕವನ್ನು ಬಿಲ್ಲಿನೊಡನೆ ಹೋಲಿಸಿ ನೋಡುವನು. ಕಾಡಂಚಿನ ಮನೆಯವನು ಅದನ್ನು ಕತ್ತಲೆಯೊಡನೆ ಹೋಲಿಸಿ ನೋಡುವನು.

೪

ಬಯಕೆಯಿದ್ದ ಮಾತ್ರಕ್ಕೆ ವಸ್ತುವು ಮನೆಗೆ ಬರುವುದಿಲ್ಲ. ಆದುದರಿಂದ ಪ್ರೇರಣೆಯ ವಿಚಾರಕ್ಕೆ ಮುನ್ನ ಸಾಧನದ ವಿಚಾರವನ್ನು ಸಂಗ್ರಹವಾಗಿ ಹೇಳಬೇಕಾಗಿದೆ.

ಸಿಲಿಕಾನಿನಿಂದ ಮಾಡಿದ ಉಪಯುಕ್ತವಾದ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯು ೧೯೫೪ರಲ್ಲಿ ಪ್ರಕಟಪಡಿಸಿತು. ಅದರ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು ಆರು ಭಾಗ ಮಾತ್ರ ವಿದ್ಯುತ್ತಾಗುತ್ತಿತ್ತು. ೧೯೭೭ರಲ್ಲಿ ಒಂದು ವ್ಯಾಟ್ ಸಾಮರ್ಥ್ಯದ ಕೋಶಕ್ಕೆ ಸುಮಾರು ೭೬ ಡಾಲರುಗಳ ಬೆಲೆಯಿದ್ದು, ೨೦೧೦ರ ದಶಕದಲ್ಲಿ ಅದು ಒಂದು ಡಾಲರಿಗಿಂತ ಕೆಳಗಿಳಿಯಿತು. ಬೆಲೆಯ ಇಳಿತದಷ್ಟೇ ಮುಖ್ಯವಾದ ಬದಲಾವಣೆಯು ದೀಪದಲ್ಲಿಯೂ ಆಯಿತು. ೪೦ ವ್ಯಾಟಿನ ಹಳೆಯ ಬಲ್ಬಿಗೆ ಬದಲಾಗಿ ಮೊದಲು ಸಿ.ಎಫ್.ಎಲ್. ದೀಪವೂ ಆಮೇಲೆ ಐದಾರು ವ್ಯಾಟಿನ ಎಲ್.ಇ.ಡಿ. ದೀಪವೂ ಬಂದುದರಿಂದ, ಒಂದು ಕೋಣೆಯನ್ನು ಬೆಳಗಲು ಬೇಕಾದ ಫಲಕವೂ ಬ್ಯಾಟರಿಯೂ ಬಹಳ ಚಿಕ್ಕವಾದುವು. ಬೆಳಕಿಗಾಗಿ ಸೌರಶಕ್ತಿಯನ್ನು ಬಳಸುವುದು ಬಡವರ ಅಳವಿಗೆ ಬಂದುದು ಈ ಎರಡು ಬದಲಾವಣೆಗಳು ಕೂಡಿದುದರಿಂದ.

ಕರ್ಣಾಟಕದಲ್ಲಿ ಇದಕ್ಕೆ ಮೂರನೆಯದೊಂದು ಕಾರಣವೂ ಸೇರಿತು. ೧೯೯೫ರಲ್ಲಿ ಹರೀಶ್ ಹಂದೆಯವರೂ ನೆವಿಲ್ ವಿಲಿಯಮ್ಸ್ ಎಂಬುವರೂ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿದರು. ದೀಪವನ್ನು ಮಾರುವುದರ ಜೊತೆಗೆ ಅದಕ್ಕೆ ಬ್ಯಾಂಕಿನ ಸಾಲವನ್ನು ಒದಗಿಸಿಕೊಡುವುದೂ, ಕೆಟ್ಟಾಗ ಮನೆಬಾಗಿಲಿಗೆ ಬಂದು ಸರಿಪಡಿಸುವುದೂ ಅದರ ಪದ್ಧತಿಯಾಗಿತ್ತು. ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು. ೨೦೦೩ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕುಗಳೊಡನೆ ಸೇರಿ ಮನೆಯ ಸೌರದೀಪಗಳಿಗಾಗಿಯೇ ಒಂದು ಸಾಲದ ಯೋಜನೆಯನ್ನು ಆರಂಭಿಸಿತು. ಆರಂಭದಲ್ಲಿ ಬಡ್ಡಿಯ ದರವು ನೂರಕ್ಕೆ ೧೨ರಿಂದ ೫ಕ್ಕೆ ಇಳಿಯಿತು. ಮುಂದೆ ಸಹಾಯವನ್ನು ಕ್ರಮೇಣ ಹಿಂದೆಗೆದುಕೊಳ್ಳಲಾಯಿತು. ಯೋಜನೆಯು ಮುಗಿಯುವುದರೊಳಗಾಗಿ ಹದಿನೆಂಟು ಸಾವಿರಕ್ಕೂ ಮೇಲ್ಪಟ್ಟ ಮನೆಗಳು ಸಾಲವನ್ನು ಪಡೆದಿದ್ದುವು. ೨೦೧೦ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಅಭಿಯಾನದಲ್ಲಿಯೂ ನಬಾರ್ಡಿನ ಮೂಲಕ ಸಹಾಯಧನ ಮತ್ತು ಸಾಲ ಎರಡನ್ನೂ ಕೂಡಿಸಿಕೊಡುವ ಏರ್ಪಾಡಾಯಿತು.

ಸಾಲವು ಪ್ರೇರಣೆಯಲ್ಲ, ಆದರೆ ಪ್ರೇರಣೆಯನ್ನು ಕಾರ್ಯರೂಪಕ್ಕೆ ತರುವ ಬಾಗಿಲು. ತಿಂಗಳಿಗೆ ಮುನ್ನೂರು ರೂಪಾಯಿಯೆಂದರೆ ಕಷ್ಟ, ದಿನಕ್ಕೆ ಹತ್ತು ರೂಪಾಯಿಯೆಂದರೆ ಸುಲಭ ಎಂಬರ್ಥದಲ್ಲಿ ಬೀದಿಯ ವ್ಯಾಪಾರಿಯೊಬ್ಬರು ಆಡಿದ ಮಾತನ್ನು ಹಂದೆಯವರು ತಮ್ಮ ಭಾಷಣಗಳಲ್ಲಿ ಉದಾಹರಿಸುವುದುಂಟು. ಗಣಿತದಲ್ಲಿ ಎರಡೂ ಒಂದೇ. ಸಂಸಾರದಲ್ಲಿ ಒಂದೇ ಅಲ್ಲ. ಈ ದೃಷ್ಟಿಯಿಂದ ನಮ್ಮ ಸೀಮೆಯನ್ನು ನೋಡಿದರೆ ಮನೆಮನೆಗೂ ಹಣದ ಋತುವು ಬೇರೆಯಾಗಿರುವುದು ಕಂಡುಬರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹೊಗೆಸೊಪ್ಪಿನ ರೈತನಿಗೆ ತಂಬಾಕು ಮಂಡಳಿಯ ಹರಾಜು ಆರಂಭವಾದ ಮೇಲೆ, ಎಂದರೆ ಮಳೆಗಾಲದ ಕೊನೆಯಲ್ಲಿ, ವರ್ಷಕ್ಕೊಮ್ಮೆ ಹಣದ ಮುಖ ಕಾಣುವುದು. ಕೃಷ್ಣರಾಜನಗರದ ಬತ್ತದ ಒಕ್ಕಲಿಗೆ ಸುಗ್ಗಿಯಾದ ಮೇಲೆ. ಕಾಫಿಯ ಕೊಯ್ಲಿಗೆ ಕೊಡಗಿನ ತೋಟಗಳಿಗೆ ಹೋಗುವ ಕೂಲಿಯವರಿಗೆ ವಾರದ ಬಟವಾಡೆಯಾದಾಗ. ತಿಂಗಳ ಕಂತೆಂಬುದು ಸಂಬಳಗಾರನ ಕ್ಯಾಲೆಂಡರು. ಇವರಲ್ಲಿ ಯಾರದೂ ಅಲ್ಲ. ಕಂತಿನ ಕಾಲವು ಆದಾಯದ ಕಾಲಕ್ಕೆ ಹೊಂದಿದಲ್ಲಿ ಬಯಕೆಯು ಫಲಿಸುವುದು; ಹೊಂದದಲ್ಲಿ ಆ ಬಯಕೆಯು ಯಾವ ಅಂಕಿ ಅಂಶಗಳಲ್ಲಿಯೂ ಕಾಣಿಸಿಕೊಳ್ಳದೆ ಮನೆಯೊಳಗೇ ಉಳಿಯುವುದು. ಫಲಕವಿಲ್ಲದ ಮನೆಯನ್ನು ಕಂಡು ಅಲ್ಲಿ ಪ್ರೇರಣೆಯೇ ಇಲ್ಲವೆಂದು ತೀರ್ಮಾನಿಸುವುದು ಆದುದರಿಂದ ಸಾಧುವಲ್ಲ.

೫

ಇನ್ನು ಪ್ರೇರಣೆಗಳ ವಿಚಾರ. ಈ ಸೀಮೆಯ ಜೀವನಕ್ರಮವನ್ನು ಅನುಸರಿಸಿ ಅವುಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಭಯನಿವಾರಣೆ. ಆನೆಯು ಹೊಲಕ್ಕೆ ಬರುವುದು ಕತ್ತಲಾದ ಮೇಲೆ. ಕಾಡಂಚಿನ ಊರುಗಳಲ್ಲಿ ಬೆಳೆಯ ಕಾಲದಲ್ಲಿ ಗಂಡಸರು ಅಟ್ಟಣೆಯ ಮೇಲೆ ಕಾವಲಿರುವರು. ಮನೆಯಲ್ಲಿ ಹೆಂಗಸರೂ ಮಕ್ಕಳೂ ಉಳಿಯುವರು. ಅಂಗಳದಲ್ಲಿ ಒಂದು ದೀಪವಿದ್ದರೆ ಹೊರಗಿರುವುದು ದನವೋ ಆನೆಯೋ ಎಂಬುದಾದರೂ ತಿಳಿಯುವುದು. ಈ ರೈತನು ಸೌರಫಲಕವನ್ನು ಸೂರಿನ ಮೇಲೆ ಮಾತ್ರವಲ್ಲದೆ ಹೊಲದ ಬದುವಿನಲ್ಲಿಯೂ ಬಲ್ಲನು. ಸೌರಬೇಲಿಯಲ್ಲಿ ಫಲಕದಿಂದ ತುಂಬಿದ ಬ್ಯಾಟರಿಯು ತಂತಿಗೆ ಕ್ಷಣಕ್ಷಣಕ್ಕೂ ಚಿಕ್ಕ ಆಘಾತಗಳನ್ನು ಕೊಡುತ್ತದೆ. ಅದು ಆನೆಯನ್ನು ಹಿಮ್ಮೆಟ್ಟಿಸುವುದೇ ಹೊರತು ಕೊಲ್ಲುವುದಿಲ್ಲ. ಕಂಬದ ತಂತಿಯಿಂದ ನೇರವಾಗಿ ಬೇಲಿಗೆ ವಿದ್ಯುತ್ತನ್ನು ಹರಿಸುವುದು ಅಪರಾಧ. ಅದರಿಂದ ಆನೆಯೂ ಸಾಯುವುದು, ಮನುಷ್ಯನೂ ಸಾಯುವನು. ಹೀಗಾಗಿ ಸೌರಶಕ್ತಿಯು ಇಲ್ಲಿಯ ಒಕ್ಕಲಿಗೆ ಕಾವಲಿನ ಸಾಧನವಾಗಿಯೂ ಪರಿಚಿತವಾಗಿದೆ. ಖೆಡ್ಡಾ ನಡೆಯುತ್ತಿದ್ದ ನೆಲದಲ್ಲಿ ಇಂದು ರೈತನು ಆನೆಗೂ ತನಗೂ ನಡುವೆ ಬಿಸಿಲಿನಿಂದ ಬೇಲಿ ಹಾಕಿಕೊಳ್ಳುತ್ತಿರುವನು.

ಎರಡನೆಯದು ರಾತ್ರಿಯ ದುಡಿಮೆ. ವರ್ಜೀನಿಯಾ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಬೇಯಿಸುವಾಗ ಐದಾರು ದಿನಗಳ ಕಾಲ ಹಗಲೂ ರಾತ್ರಿಯೂ ಉರಿಯನ್ನು ಕಾಯಬೇಕು. ಶಾಖವನ್ನು ಹದವರಿತು ಏರಿಸಬೇಕು, ಉಷ್ಣಮಾಪಕವನ್ನು ನೋಡುತ್ತಿರಬೇಕು, ಒಂದು ರಾತ್ರಿ ಕಣ್ಣು ತಪ್ಪಿದರೆ ವರ್ಷದ ದುಡಿಮೆಯ ಬಣ್ಣ ಕೆಡುವುದು, ಹರಾಜಿನಲ್ಲಿ ಬೆಲೆ ಕುಸಿಯುವುದು. ಇಂತಹ ಮನೆಗೆ ಬೆಳಕೆಂದರೆ ಬಂಡವಾಳ. ಅಡುಗೆಮನೆಯ ಹೆಂಗಸಿಗೂ, ಪರೀಕ್ಷೆಗೆ ಓದುವ ಮಗುವಿಗೂ ರಾತ್ರಿಯ ಬೆಳಕು ಇದೇ ರೀತಿಯಲ್ಲಿ ದುಡಿಮೆಯ ಸಾಧನವಾಗಿದೆ. ಆದರೆ ಇಲ್ಲಿ ಒಂದು ತೊಡಕುಂಟು. ಸೊಪ್ಪು ಬೇಯಿಸುವ ಕಾಲವು ಮುಂಗಾರಿನ ಕಾಲವೇ ಆಗಿರುವುದರಿಂದ, ಬೆಳಕು ಅತ್ಯಂತ ಅಗತ್ಯವಾದಾಗಲೇ ಮೋಡವು ಕವಿದು ಫಲಕದ ಶಕ್ತಿಯು ಕುಂದುತ್ತದೆ. ಅಲ್ಪ ಸಾಮರ್ಥ್ಯದ ಫಲಕವನ್ನು ಕೊಂಡವನಿಗೆ ಈ ಅನುಭವವು ಸೌರಶಕ್ತಿಯ ಮೇಲಿನ ವಿಶ್ವಾಸವನ್ನೇ ತಗ್ಗಿಸಬಲ್ಲುದು.

ಮೂರನೆಯದು ನೆರೆಮನೆಯ ದೃಷ್ಟಾಂತ. ಹೊಸ ಪದ್ಧತಿಗಳು ಸಮಾಜದಲ್ಲಿ ಹರಡುವ ರೀತಿಯನ್ನು ಕುರಿತು ಎವರೆಟ್ ರೋಜರ್ಸ್ ೧೯೬೨ರಲ್ಲಿ ಬರೆದ ಗ್ರಂಥವು ಪ್ರಸಿದ್ಧವಾಗಿದೆ. ಜನರು ಹೊಸದನ್ನು ನಂಬುವುದು ಪ್ರಚಾರದಿಂದಲ್ಲ, ತಮ್ಮಂತೆಯೇ ಇರುವವರ ಅನುಭವದಿಂದ ಎಂಬುದು ಅದರ ತಾತ್ಪರ್ಯಗಳಲ್ಲೊಂದು. ೨೦೧೨ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದು ಒಂದು ಬಡಾವಣೆಯಲ್ಲಿ ಫಲಕಗಳು ಹೆಚ್ಚಿದಂತೆ ಅಲ್ಲಿಯ ಇತರ ಮನೆಗಳೂ ಅವನ್ನು ಸ್ವೀಕರಿಸುವ ಸಂಭವವು ಹೆಚ್ಚುವುದೆಂದು ತೋರಿಸಿತು. ನಮ್ಮ ಹಳ್ಳಿಗಳಲ್ಲಿ ಈ ನಿಯಮಕ್ಕೆ ಎರಡು ಮುಖಗಳಿವೆ. ಊರೆಲ್ಲ ಕತ್ತಲಾದಾಗ ಒಂದು ಮನೆಯಲ್ಲಿ ದೀಪವು ಉರಿಯುತ್ತಿದ್ದರೆ ಅದಕ್ಕಿಂತ ಮಿಗಿಲಾದ ಜಾಹೀರಾತಿಲ್ಲ. ಅದೇ ಮನೆಯ ಬ್ಯಾಟರಿಯು ನಾಲ್ಕೈದು ವರ್ಷಗಳಲ್ಲಿ ಸತ್ತು ಫಲಕದ ಮೇಲೆ ಬಟ್ಟೆ ಒಣಗುತ್ತಿದ್ದರೆ ಅದಕ್ಕಿಂತ ಮಿಗಿಲಾದ ಅಪಪ್ರಚಾರವೂ ಇಲ್ಲ.

ಈ ಮೂರರಲ್ಲಿಯೂ ಸಮಾನವಾಗಿರುವುದು ಯಾವುದು? ಬೇಕಾದ ಗಳಿಗೆಯಲ್ಲಿ ದೀಪವು ಹತ್ತಬೇಕೆಂಬುದು. ಅದು ಬೇರೆಲ್ಲಿಯೋ ಇರುವವರ ಅನುಕೂಲವನ್ನು ಅವಲಂಬಿಸಿರಬಾರದೆಂಬುದು. ಇದನ್ನು ನಾವು ದೀಪದ ಮೇಲಿನ ಸ್ವಾಧೀನವೆಂದು ಕರೆಯಬಯಸುತ್ತೇವೆ. ಉಳಿತಾಯವೂ ಪ್ರತಿಷ್ಠೆಯೂ ಇದರ ಬಳಿಕ ಬರುವಂತಹವು.

೬

ಈ ಅಭಿಪ್ರಾಯವನ್ನು ಪರೀಕ್ಷಿಸಲು ಈಚಿನ ಎರಡು ಘಟನೆಗಳು ನೆರವಾಗುತ್ತವೆ. ೨೦೨೩ರ ಜುಲೈ ತಿಂಗಳಿನಿಂದ ಕರ್ಣಾಟಕ ಸರಕಾರವು ಗೃಹಜ್ಯೋತಿ ಯೋಜನೆಯನ್ನು ಜಾರಿಗೆ ತಂದಿತು. ಹಿಂದಿನ ವರ್ಷದ ಸರಾಸರಿ ಬಳಕೆಯ ಆಧಾರದ ಮೇಲೆ, ೨೦೦ ಯೂನಿಟ್ಟುಗಳ ಮಿತಿಯೊಳಗೆ, ಮನೆಗಳಿಗೆ ವಿದ್ಯುತ್ತು ಉಚಿತವಾಯಿತು. ಮರುವರ್ಷ, ೨೦೨೪ರ ಫೆಬ್ರವರಿಯಲ್ಲಿ, ಕೇಂದ್ರ ಸರಕಾರವು ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳನ್ನು ಗುರಿಯಾಗಿಟ್ಟುಕೊಂಡ ಈ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ ೩೦,೦೦೦, ಎರಡಕ್ಕೆ ೬೦,೦೦೦, ಮೂರು ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ ೭೮,೦೦೦ ರೂಪಾಯಿಗಳ ಸಹಾಯಧನವುಂಟು.

ಮೊದಲನೆಯ ಯೋಜನೆಯು ಬಿಲ್ಲನ್ನು ಇಲ್ಲವಾಗಿಸುತ್ತದೆ. ಎರಡನೆಯದು ಬಿಲ್ಲನ್ನು ಉಳಿಸಿಕೊಡುವೆನೆಂದು ಹೇಳುತ್ತದೆ. ಇಲ್ಲದ ಬಿಲ್ಲನ್ನು ಉಳಿಸುವುದು ಸಾಧ್ಯವಿಲ್ಲ. ಮಿತಿಯೊಳಗೆ ವಿದ್ಯುತ್ತನ್ನು ಬಳಸುವ ಹಳ್ಳಿಯ ಮನೆಗೆ ಸೌರಫಲಕದಿಂದ ಬಿಲ್ಲಿನಲ್ಲಿ ಆಗುವ ಲಾಭವು ಶೂನ್ಯ. ಉಳಿತಾಯವೇ ಪ್ರಧಾನ ಪ್ರೇರಣೆಯಾಗಿದ್ದ ಪಕ್ಷದಲ್ಲಿ ಇಂತಹ ಮನೆಗೆ ಸೌರದೀಪವು ಇನ್ನು ಬೇಡವಾಗಬೇಕಾಗಿತ್ತು. ಆದರೆ ವಿದ್ಯುತ್ತು ಉಚಿತವಾದರೂ ಮಳೆಗಾಲದ ರಾತ್ರಿ ಅದು ನಿಲ್ಲುವುದು ತಪ್ಪಲಿಲ್ಲ. ಬ್ಯಾಟರಿಯ ಚಿಕ್ಕ ದೀಪಕ್ಕೆ ಇದ್ದ ಕಾರಣವೂ ಆದುದರಿಂದ ಹಾಗೆಯೇ ಉಳಿಯಿತು. ಬಿಲ್ಲಿನ ಲೆಕ್ಕವು ನಡೆಯುವುದು ಹುಣಸೂರು, ಕೃಷ್ಣರಾಜನಗರ ಪಟ್ಟಣಗಳಲ್ಲಿ ಮಿತಿಯನ್ನು ಮೀರಿ ಬಳಸುವ ಅನುಕೂಲಸ್ಥರ ಮನೆಗಳಲ್ಲಿ. ಮಾರಾಟದ ಲಾಭವೇ ಪ್ರೇರಣೆಯಾದ ಉದಾಹರಣೆಗಳೂ ಇವೆ. ಜರ್ಮನಿಯು ೨೦೦೦ದ ಕಾನೂನಿನಲ್ಲಿ ಸೌರವಿದ್ಯುತ್ತಿಗೆ ಇಪ್ಪತ್ತು ವರ್ಷಗಳ ನಿಶ್ಚಿತ ಬೆಲೆಯನ್ನು ಗೊತ್ತುಪಡಿಸಿತು. ಕರ್ಣಾಟಕದಲ್ಲಿಯೂ ೨೦೧೩ರಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಮೇಲ್ಛಾವಣಿಯ ಸ್ಥಾವರಗಳಿಗೆ ಸಹಾಯಧನವಿಲ್ಲದಿದ್ದರೆ ಯೂನಿಟ್ಟಿಗೆ ೯.೫೬ ರೂಪಾಯಿಗಳ ದರವನ್ನು ನಿಗದಿಪಡಿಸಿತು. ಮುಂದೆ ಅದನ್ನು ಇಳಿಸಿತು. ಇವೆಲ್ಲ ದೊಡ್ಡ ಛಾವಣಿಯೂ ಕೈಯಲ್ಲಿ ಹಣವೂ ಇದ್ದವರಿಗೆ ಸಲ್ಲುವ ಪ್ರೇರಣೆಗಳು.

ಇಲ್ಲಿ ತಾಂತ್ರಿಕ ಸಂಗತಿಯೊಂದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬ್ಯಾಟರಿಯಿಲ್ಲದೆ ಸರಕಾರದ ತಂತಿಗೆ ಜೋಡಿಸಿದ ಮೇಲ್ಛಾವಣಿಯ ಸ್ಥಾವರವು, ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಂತುಬಿಡುತ್ತದೆ. ಕಂಬವೇರಿ ದುರಸ್ತಿ ಮಾಡುವ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ ಅದನ್ನು ಹಾಗೆ ರಚಿಸಲಾಗಿದೆ. ಸೂರಿನ ಮೇಲೆ ಮೂರು ಕಿಲೋವ್ಯಾಟಿನ ಫಲಕವಿದ್ದು ಮಧ್ಯಾಹ್ನದ ಬಿಸಿಲು ಸುರಿಯುತ್ತಿದ್ದರೂ, ತಂತಿಯು ಸತ್ತಾಗ ಆ ಮನೆಯಲ್ಲಿ ಫ್ಯಾನು ತಿರುಗುವುದಿಲ್ಲ. ಐವತ್ತು ವ್ಯಾಟಿನ ಫಲಕವೂ ಬ್ಯಾಟರಿಯೂ ಇರುವ ಕಾಡಂಚಿನ ಗುಡಿಸಲಿನಲ್ಲಿ ದೀಪ ಉರಿಯುತ್ತಿರುತ್ತದೆ. ಎರಡನ್ನೂ ಸೌರಶಕ್ತಿಯೆಂಬ ಒಂದೇ ಹೆಸರಿನಿಂದ ಕರೆಯುವುದು ವಾಡಿಕೆಯಾದರೂ, ಒಂದು ಬಿಲ್ಲಿಗೆ ಉತ್ತರ, ಇನ್ನೊಂದು ಕತ್ತಲೆಗೆ ಉತ್ತರ. ಸಹಾಯಧನವು ಮೊದಲನೆಯದರ ಕಡೆಗೇ ಹರಿದರೆ, ಈ ಸೀಮೆಯ ಒಕ್ಕಲು ಬಯಸಿದುದು ಅವನಿಗೆ ದೊರೆಯದೆ ಹೋಗುವ ಸಂಭವವುಂಟು.

೭

ಕೊನೆಯದಾಗಿ ಹಾಡಿಗಳ ವಿಚಾರ. ಇದುವರೆಗೆ ನಾವು ಪರಿಶೀಲಿಸಿದ ಮನೆಗಳೆಲ್ಲವೂ ಸ್ವೀಕರಿಸಲೂ ಬಿಡಲೂ ಸ್ವತಂತ್ರವಾದವು. ಕಾಡಿನೊಳಗಣ ಹಾಡಿಯ ಸ್ಥಿತಿಯು ಹಾಗಲ್ಲ. ೧೯೮೦ರ ಅರಣ್ಯ ಸಂರಕ್ಷಣಾ ಕಾನೂನಿನ ಮೇರೆಗೆ ಕಾಡಿನ ನೆಲವನ್ನು ಅನ್ಯಕಾರ್ಯಕ್ಕೆ ಬಳಸಲು ಕೇಂದ್ರ ಸರಕಾರದ ಅನುಮತಿಯು ಬೇಕಾದುದರಿಂದ ಕಂಬವೂ ತಂತಿಯೂ ಅಲ್ಲಿಗೆ ಸುಲಭವಾಗಿ ಹೋಗಲಾರವು. ನೆಲದ ಪತ್ರವಿಲ್ಲದ ಸಂಸಾರಕ್ಕೆ ಬ್ಯಾಂಕಿನ ಬಾಗಿಲೂ ಸುಲಭವಾಗಿ ತೆರೆಯುವುದಿಲ್ಲ. ಆದುದರಿಂದ ಹಾಡಿಗೆ ಸೌರದೀಪವು ಬರುವುದು ಬಹುಮಟ್ಟಿಗೆ ದಾನವಾಗಿ: ಸರಕಾರದ ಇಲಾಖೆಯಿಂದ ಅಥವಾ ಸೇವಾಸಂಸ್ಥೆಗಳಿಂದ. ೨೦೧೭ರ ಸೌಭಾಗ್ಯ ಯೋಜನೆಯು ತಂತಿ ತಲುಪಲಾಗದ ಮನೆಗಳಿಗೆ ೨೦೦ರಿಂದ ೩೦೦ ವ್ಯಾಟಿನ ಫಲಕ, ಬ್ಯಾಟರಿ, ಐದು ದೀಪಗಳು, ಒಂದು ಫ್ಯಾನು ಇವುಗಳನ್ನೂ ಐದು ವರ್ಷಗಳ ನಿರ್ವಹಣೆಯನ್ನೂ ವಿಧಿಸಿತು. ೨೦೨೩ರ ನವೆಂಬರಿನಲ್ಲಿ ಆರಂಭವಾದ ಪಿಎಂ-ಜನಮನ್ ಯೋಜನೆಯಲ್ಲಿಯೂ, ಜೇನುಕುರುಬರೇ ಮೊದಲಾದ ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ಮನೆಗಳಿಗೆ, ತಂತಿಯನ್ನು ಎಳೆಯುವುದು ಸಾಧ್ಯವಲ್ಲದ ಕಡೆ ಸೌರಫಲಕವನ್ನು ಕೊಡುವ ಏರ್ಪಾಡಿದೆ.

ಈ ಸಹಾಯವು ಅಲ್ಪವಾದುದಲ್ಲ. ಕಾಡಿನ ನಡುವೆ ಹಾವಿನ ಭಯವನ್ನು ಬಲ್ಲವರಿಗೆ ಒಂದು ದೀಪದ ಬೆಲೆ ತಿಳಿದಿದೆ. ಆದರೆ ಹಾಡಿಯ ಸೂರಿನ ಮೇಲೆ ಫಲಕವಿರುವುದನ್ನು ಕಂಡು ಗಿರಿಜನರು ಸೌರಶಕ್ತಿಯನ್ನು ಮೆಚ್ಚಿ ಆರಿಸಿಕೊಂಡರೆಂದು ಬರೆದರೆ ಅದು ಚರಿತ್ರೆಯಾಗದು. ಆರಿಸಲು ಎರಡು ವಸ್ತುಗಳಾದರೂ ಎದುರಿಗಿರಬೇಕು. ೨೦೦೬ರ ಅರಣ್ಯ ಹಕ್ಕುಗಳ ಕಾನೂನಿನ ೩ನೆಯ ಪ್ರಕರಣದ ೨ನೆಯ ಉಪಪ್ರಕರಣವನ್ನು ಇಲ್ಲಿ ಸ್ಮರಿಸಬೇಕು. ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದೊಂದು ಕೆಲಸಕ್ಕೂ ಒಂದು ಹೆಕ್ಟೇರಿಗೆ ಕಡಿಮೆಯಾದ ಕಾಡಿನ ನೆಲವನ್ನು, ಹೆಕ್ಟೇರಿಗೆ ೭೫ಕ್ಕಿಂತ ಹೆಚ್ಚು ಮರಗಳನ್ನು ಕಡಿಯದಿರುವ ನಿಬಂಧನೆಯೊಡನೆ, ಹದಿಮೂರು ಬಗೆಯ ಸೌಕರ್ಯಗಳಿಗೆ ಒದಗಿಸಬಹುದೆಂದು ಅದು ಹೇಳುತ್ತದೆ. ಆ ಪಟ್ಟಿಯಲ್ಲಿ ಶಾಲೆ, ಆಸ್ಪತ್ರೆಗಳ ಜೊತೆಗೆ ವಿದ್ಯುತ್ತಿನ ತಂತಿಯೂ ಇದೆ; ಅಸಾಂಪ್ರದಾಯಿಕ ಶಕ್ತಿಮೂಲಗಳೂ ಇವೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಹೆಸರಿಸಿರುವುದರಿಂದ, ಒಂದಕ್ಕೆ ಬದಲು ಇನ್ನೊಂದೆಂಬ ಅರ್ಥವು ಕಾನೂನಿನಿಂದ ಹೊರಡುವುದಿಲ್ಲ. ಯಾವುದು ಬೇಕೆಂದು ಹೇಳುವ ಅಧಿಕಾರವನ್ನು ಅದು ಗ್ರಾಮಸಭೆಗೆ ಬಿಟ್ಟಿದೆ. ಇದೇ ಕಾನೂನು ಕಾಡಿನ ವಸತಿಗಳನ್ನು ಕಂದಾಯ ಗ್ರಾಮಗಳಾಗಿ ಪರಿವರ್ತಿಸಿಕೊಳ್ಳುವ ಹಕ್ಕನ್ನೂ ಮಾನ್ಯ ಮಾಡಿರುವುದರಿಂದ, ಲೆಕ್ಕದ ಪುಸ್ತಕದಿಂದ ಬಿಟ್ಟುಹೋದ ಹಾಡಿಯು ಅದರೊಳಕ್ಕೆ ಬರುವ ದಾರಿಯೂ ಉಂಟು.

ದಾನದ ದೀಪಕ್ಕೆ ಇನ್ನೊಂದು ದೌರ್ಬಲ್ಯವಿದೆ. ಐದು ವರ್ಷಗಳ ನಿರ್ವಹಣೆ ಮುಗಿಯುವ ಹೊತ್ತಿಗೆ ಬ್ಯಾಟರಿಯ ಆಯುಷ್ಯವೂ ಬಹುಮಟ್ಟಿಗೆ ಮುಗಿದಿರುತ್ತದೆ. ಸಾಲ ಮಾಡಿ ಕೊಂಡವನಿಗೆ ದುರಸ್ತಿಯ ಅಂಗಡಿಯ ದಾರಿ ತಿಳಿದಿರುವುದು. ಉಚಿತವಾಗಿ ಪಡೆದವನು ಯಾರ ಬಳಿಗೆ ಹೋಗಬೇಕು? ನೆರೆಯ ಬಾಂಗ್ಲಾದೇಶದ ಅನುಭವವೂ ಬೋಧಪ್ರದವಾಗಿದೆ. ಅಲ್ಲಿ ೨೦೦೩ರಿಂದ ನಡೆದ ಯೋಜನೆಯಲ್ಲಿ ನಲವತ್ತು ಲಕ್ಷಕ್ಕೂ ಮೇಲ್ಪಟ್ಟ ಮನೆಗಳಿಗೆ ಕಂತಿನ ಮೇಲೆ ಸೌರದೀಪಗಳು ಬಂದುವು. ಸರಕಾರದ ತಂತಿಯು ಹಳ್ಳಿಗಳಿಗೆ ಹಬ್ಬಿದಂತೆ ಅವುಗಳಿಗೆ ಬೇಡಿಕೆಯು ಕುಸಿಯಿತು. ಜನರು ಬಯಸಿದುದು ಬೆಳಕನ್ನು. ಫಲಕವು ಅದಕ್ಕೊಂದು ಮಾರ್ಗವಾಗಿತ್ತು, ಅಷ್ಟೆ.

೮

ಮೇಲಿನ ಪರಿಶೀಲನೆಯಿಂದ ನಾವು ತಲುಪುವ ನಿರ್ಣಯಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಕಾಕನಕೋಟೆಯ ಸೀಮೆಯಲ್ಲಿ ಗೃಹಸ್ಥರು ಸೌರಶಕ್ತಿಯನ್ನು ಸ್ವೀಕರಿಸಲು ಪ್ರಧಾನ ಕಾರಣವು ಮಿತವ್ಯಯವಲ್ಲ, ದೀಪದ ಮೇಲಿನ ಸ್ವಾಧೀನ. ಆ ಬಯಕೆಯು ಫಲಿಸಿದುದು ಸಾಲದ ಕಂತು ಮನೆಯ ಆದಾಯದ ಋತುವಿಗೆ ಹೊಂದಿದಲ್ಲಿ ಮತ್ತು ದುರಸ್ತಿಯು ಹತ್ತಿರವಿದ್ದಲ್ಲಿ. ಬಿಲ್ಲಿನ ಉಳಿತಾಯವು ಪಟ್ಟಣದ ಅನುಕೂಲಸ್ಥರ ಪ್ರೇರಣೆಯೇ ಹೊರತು ಹಳ್ಳಿಯ ಒಕ್ಕಲಿನದಲ್ಲ. ಹಾಡಿಯ ಫಲಕವನ್ನು ಪ್ರೇರಣೆಯ ಶೀರ್ಷಿಕೆಯಡಿಯಲ್ಲಿ ಎಣಿಸತಕ್ಕುದಲ್ಲ; ಅದು ತಂತಿಯ ಅಭಾವಕ್ಕೆ ಸಾಕ್ಷಿ, ಹಾಡಿಯ ಸಮ್ಮತಿಗಲ್ಲ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸವು ಬಹಳವಿದೆ. ಶಿವನಸಮುದ್ರದ ಚರಿತ್ರೆಗೆ ಸರಕಾರದ ವರದಿಗಳುಂಟು, ದಿವಾನರ ಭಾಷಣಗಳುಂಟು. ಮನೆಯ ದೀಪದ ಚರಿತ್ರೆಗೆ ಆಧಾರಗಳೆಂದರೆ ಪೆಟ್ಟಿಗೆಯ ತಳದಲ್ಲಿರುವ ಹಳೆಯ ಬಿಲ್ಲುಗಳು, ಸಾಲದ ಪಾಸ್‌ಪುಸ್ತಕಗಳು, ಬ್ಯಾಟರಿಯ ರಸೀದಿಗಳು, ಸೀಮೆಎಣ್ಣೆಯ ನಮೂದಿರುವ ಪಡಿತರ ಚೀಟಿಗಳು ಮತ್ತು ಹಿರಿಯರ ನೆನಪುಗಳು. ಇವನ್ನು ಯಾರೂ ಕಾಪಾಡುತ್ತಿಲ್ಲ; ಮನೆ ಸುಣ್ಣ ಬಳಿಯುವಾಗ ಇವು ಒಲೆಗೆ ಹೋಗುತ್ತವೆ. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ, ಅವರವರ ಊರಿನ ಹತ್ತು ಹತ್ತು ಮನೆಗಳಲ್ಲಿ, ಮೊದಲ ಬಲ್ಬು ಎಂದು ಬಂದಿತು, ಮೊದಲ ಫಲಕ ಎಂದು ಬಂದಿತು, ಅದು ಈಗ ಉರಿಯುತ್ತಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆಯಿಸಿ ಇಟ್ಟರೆ, ಮುಂದಿನ ಸಂಶೋಧಕರಿಗೆ ಅದು ದೊಡ್ಡ ಉಪಕಾರವಾಗುವುದು. ಹಾಡಿಗಳಲ್ಲಿ ನಾಲ್ಕನೆಯ ಪ್ರಶ್ನೆಯೊಂದನ್ನೂ ಸೇರಿಸಬೇಕು: ತಂತಿಯೋ ಫಲಕವೋ ಎಂದು ನಿಮ್ಮನ್ನು ಯಾರಾದರೂ ಕೇಳಿದರೆ?